ಸುಬ್ಬಿ ಆಡಿದ ಮಾತು

ನಮ್ಮೂರಿನಲ್ಲಿ ಮನುಷ್ಯರ ಕೈಯಲ್ಲಿ ಬೆಳೆದ ಪ್ರಾಣಿ ಯಾವುದೇ ಇರಲಿ, ತನ್ನ ಆಯುಷ್ಯದಲ್ಲಿ ಒಂದು ಸಲ ಒಂದೇ ಒಂದು ಮಾತಾಡುತ್ತದೆ. ಯಾವಾಗ, ಯಾರೆದುರು, ಯಾವ ಮಾತು ಎಂದು ಮೊದಲೇ ಹೇಳುವವರು ಇನ್ನೂ ಹುಟ್ಟಿಲ್ಲ. ನಮ್ಮ ಪಕ್ಕದ ಮನೆಯ ಬೆಕ್ಕು ಕಣ್ಣು ಬಿಟ್ಟ ಹೊಸದರಲ್ಲೇ ‘ಬಾಗಿಲು’ ಎಂದು ತನ್ನ ಪಾಲಿನದನ್ನು ಮುಗಿಸಿಕೊಂಡಿತು. ಆಮೇಲೆ ಮುದಿಯಾಗಿ ಸಾಯುವವರೆಗೂ ಮಿಯಾಂವ್ ಬಿಟ್ಟು ಬೇರೆ ಸೊಲ್ಲೆತ್ತಲಿಲ್ಲ. ಅಗಸರ ತಿಮ್ಮಕ್ಕನ ಕತ್ತೆ ಹೊಳೆಯ ದಾರಿಯಲ್ಲಿ ನಿಂತು ‘ನಾಳೆ’ ಎಂದಿತು. ಕೇಳಿಸಿಕೊಂಡವರು ‘ಕೇಳಿಸ್ತಪ್ಪಾ’ ಎಂದೋ ‘ಕೇಳಿಸ್ತಮ್ಮಾ’ ಎಂದೋ ಮರ್ಯಾದೆಗೊಂದು ಉತ್ತರ ಕೊಟ್ಟು ತಮ್ಮ ಪಾಡಿಗೆ ತಾವು ಹೋಗಬೇಕು. ಅರ್ಥ ಕೆದಕುವ ಪದ್ಧತಿ ಇಲ್ಲ. ನಾಳೆ ಎಂದರೆ ಯಾವ ನಾಳೆ, ನಾಳೆ ಏನು ಎಂದು ತಿಮ್ಮಕ್ಕ ತಲೆಯ ಮೇಲೆ ಕೈಹೊತ್ತು ಕೂತಿದ್ದರೆ ಊರಿನ ಬಟ್ಟೆ ಯಾರು ಒಗೆಯಬೇಕಿತ್ತು?

ಮಾಂಸದಂಗಡಿಯ ಕರಿಯಣ್ಣ ಮಾತ್ರ ಈ ವಿಷಯದಲ್ಲಿ ಬಲು ಎಚ್ಚರದ ಮನುಷ್ಯ. ಮಾತು ಮುಗಿಸಿದ ಕುರಿಗೆ ಅವನು ಹೆಚ್ಚು ಬೆಲೆ ಕೊಡುತ್ತಿದ್ದ. ಇನ್ನೂ ಆಡದ ಕುರಿ ಕೈಗೆ ಬಂದರೆ ರೇಡಿಯೋವನ್ನು ಕಿವಿ ಹರಿಯುವಷ್ಟು ಜೋರು ಮಾಡಿಕೊಂಡು ಕತ್ತಿ ಎತ್ತುತ್ತಿದ್ದ. ನಾವೂ ಅಂಗಡಿಯಿಂದಾಚೆ ಸರಿದು ನಿಂತು, ಹಾಡು ನಿಂತ ಮೇಲೆ ಚೀಲ ಹಿಡಿದು ಒಳಗೆ ಹೋಗುತ್ತಿದ್ದೆವು. ಹೀಗೆ ಎಲ್ಲರೂ ಒಗ್ಗಿಕೊಂಡಿದ್ದೆವು.

ಇಂಥ ಊರನ್ನು ವಿಜ್ಞಾನಿಗಳು ಬಿಡುತ್ತಾರೆಯೇ? ಊರಾಚೆ ಪಶು ಸಂಶೋಧನಾ ಕೇಂದ್ರವೊಂದು ಮೊದಲೇ ಇತ್ತು. ಅದರ ಮುಖ್ಯಸ್ಥರಾದ ಡಾಕ್ಟರ್ ಫಣಿರಾಜರು ದೇಶವಿದೇಶಗಳಿಗೆಲ್ಲ ಬರೆದು, ಆ ವರ್ಷದ ದೊಡ್ಡ ಸಮ್ಮೇಳನವನ್ನು ನಮ್ಮೂರಿಗೇ ತಂದರು. ಅಷ್ಟು ಜನ ಕೂರುವ ಜಾಗವೆಂದರೆ ಕಲ್ಯಾಣ ಮಂಟಪ ಒಂದೇ. ಅದರ ಹೆಬ್ಬಾಗಿಲಿಗೆ ‘ಪ್ರಾಣಿ ಕಲ್ಯಾಣ ಸಂಶೋಧನೆಯ ಮುನ್ನಡೆಗಳು’ ಎಂದು ಬಟ್ಟೆ ಕಟ್ಟಿದ ದಿನವೇ ವಾಲಗದ ನಂಜುಂಡ ನನ್ನನ್ನು ದಾರಿಯಲ್ಲಿ ಅಡ್ಡ ಹಾಕಿದ. "ಪ್ರಾಣಿ ಕಲ್ಯಾಣ ಅಂತೆ ಮೇಷ್ಟ್ರೇ. ಕತ್ತೆ ಮದ್ವೇನೋ, ಕಪ್ಪೆ ಮದ್ವೇನೋ? ಗಂಡಿನ ಕಡೆಯೋರು ಯಾರು? ನಂಗೊಂದ್ ಮಾತು ಹೇಳಿಲ್ವಲ್ಲ!" ಎಂದ. ಇದು ಆ ಕಲ್ಯಾಣ ಅಲ್ಲ ಮಾರಾಯ, ಪ್ರಾಣಿಗಳ ಸುಖ ವಿಚಾರಿಸುವ ಕಲ್ಯಾಣ ಎಂದೆ. "ಸುಖ ವಿಚಾರ್ಸಕ್ಕೆ ವಾಲಗ ಬ್ಯಾಡ್ವಾ?" ಎಂದು ಅವನು ಮೂರು ದಿನವೂ ವಾಲಗ ಹಿಡಿದು ಹಿಂದಿನ ಸಾಲಿನಲ್ಲಿ ಬಂದು ಕೂತ. ಊಟವಂತೂ ಇತ್ತಲ್ಲ.

ನಾನು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು, ಹೆಸರು ವಾಮನಯ್ಯ. ಹೊರಗಿನವರಿಗೆ ಊರವರ ಮಾತು, ಊರವರಿಗೆ ಹೊರಗಿನವರ ಮಾತು ದಾಟಿಸುವ ಕೆಲಸಕ್ಕೆ ನನ್ನನ್ನು ಕರೆದಿದ್ದರು. ಎದೆಗೊಂದು ಬಿಲ್ಲೆ ಸಿಕ್ಕಿಸಿ ಕೈಗೆ ಮೈಕು ಕೊಟ್ಟರು. ಹೆಮ್ಮೆಯಾಗಲಿಲ್ಲ ಎಂದರೆ ಸುಳ್ಳಾದೀತು.

ಬಂದವರು ಕೆಟ್ಟವರೇನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕತೆ ಕೇಳುವವರು ಯಾರಾದರೊಬ್ಬ ಕೆಟ್ಟವನನ್ನು ಹುಡುಕುತ್ತಾರೆ. ಅಧ್ಯಕ್ಷೆಯಾಗಿದ್ದ ಇಂಗ್ರಿಡ್ ಎಂಬ ನೆರೆಗೂದಲ ಹೆಂಗಸು ಇರುವೆ ಸಾಲನ್ನು ಕಂಡರೆ ಸುತ್ತುಹಾಕಿ ನಡೆಯುವವರು. ಒಬ್ಬರು ಕೋಳಿಗಳಿಗೆ ಎಷ್ಟು ಬೆಳಕಿದ್ದರೆ ನೆಮ್ಮದಿ ಎಂದು ಓದಿದರು, ಇನ್ನೊಬ್ಬರು ಹಂದಿಗಳು ಬೇಸರವಾದಾಗ ಏನು ಮಾಡುತ್ತವೆ ಎಂದು ಓದಿದರು. ಕೇಳುತ್ತ ಕೇಳುತ್ತ ನನಗೆ, ಪರವಾಗಿಲ್ಲ, ಲೋಕದಲ್ಲಿ ಹೀಗೂ ಯೋಚಿಸುವವರಿದ್ದಾರೆ ಎನ್ನಿಸಿ ಕಣ್ಣು ತೇವವಾಯಿತು.

ಎರಡನೆಯ ದಿನ ಬೆಳಿಗ್ಗೆ ಸುಬ್ಬಿಯನ್ನು ಕರೆತಂದರು. ಸುಬ್ಬಿ ಕೇಂದ್ರದ ಎಮ್ಮೆ. ಅವಳ ಎಡ ಪಕ್ಕೆಯಲ್ಲಿ ತಟ್ಟೆಯಗಲದ ತೂತು ಕೊರೆದು, ಅದಕ್ಕೆ ರಬ್ಬರಿನ ಬಳೆ ಕೂರಿಸಿ, ಮುಚ್ಚಳ ಹಾಕಿದ್ದರು. ಮುಚ್ಚಳ ತೆಗೆದರೆ ತಿಂದ ಮೇವು ಹೊಟ್ಟೆಯಲ್ಲಿ ಹೇಗೆ ಕಲಸಿಕೊಳ್ಳುತ್ತದೆಂದು ಕಣ್ಣಾರೆ ನೋಡಬಹುದು, ಕೈ ಹಾಕಿ ತೆಗೆಯಲೂಬಹುದು. ಅದರಿಂದ ಸಾವಿರಾರು ದನಗಳ ಮೇವು ಸುಧಾರಿಸಿದೆ ಎಂದು ಫಣಿರಾಜರು ಹೇಳುತ್ತಿದ್ದರು, ಅದು ನಿಜವೂ ಇರಬೇಕು. ಈಗ ಅವರು ಮೊದಲಿನದಕ್ಕಿಂತ ಮೆತ್ತಗಿನ, ಕಡಿಮೆ ನೋವಿನ ಬಳೆಯೊಂದನ್ನು ಕಂಡುಹಿಡಿದಿದ್ದರು. ಅದನ್ನು ತೋರಿಸಲೆಂದೇ ಅವಳನ್ನು ಮದುಮಕ್ಕಳು ಕೂರುವ ವೇದಿಕೆಗೆ ಹತ್ತಿಸಿದ್ದು.

ಜೊತೆಯಲ್ಲಿ ದ್ಯಾವಮ್ಮ ಬಂದಳು. ಕೇಂದ್ರದಲ್ಲಿ ಮೇವು ಹಾಕುವವಳು. ಸುಬ್ಬಿ ಹುಟ್ಟಿದ ದಿನವೇ ತಾಯಿ ಸತ್ತಿತ್ತು. ಬದುಕಲಾರದು ಎಂದು ಎಲ್ಲರೂ ಕೈಬಿಟ್ಟ ಕರುವನ್ನು ದ್ಯಾವಮ್ಮ ಸೀರೆಯಲ್ಲಿ ಸುತ್ತಿ ಮನೆಗೆ ಒಯ್ದು, ಬಾಟಲಿಯಲ್ಲಿ ಹಾಲು ಕುಡಿಸಿ, ತನ್ನ ಜಗಲಿಯ ಮೇಲೇ ಮಲಗಿಸಿಕೊಂಡು ದೊಡ್ಡದು ಮಾಡಿದ್ದಳು. ಬೆಳೆದ ಮೇಲೆ ಕೇಂದ್ರದವರು ತಮ್ಮ ಸ್ವತ್ತು ತಾವು ವಾಪಸು ತಗೊಂಡು ಪಕ್ಕೆಗೆ ಈ ಕಿಟಕಿ ಇಟ್ಟರು. ದ್ಯಾವಮ್ಮ ಅತ್ತು ಕರೆದರೂ ಏನೂ ಆಗಲಿಲ್ಲ. ಕೊನೆಗೆ ಹಳೇ ಸೀರೆಯ ಸೆರಗು ಕತ್ತರಿಸಿ ಆ ಕಿಟಕಿಗೊಂದು ಪರದೆ ಹೊಲಿದುಕೊಟ್ಟಳು, ನೊಣ ಕೂರಬಾರದೆಂದು. ಸುಬ್ಬಿ ಇಷ್ಟು ವರ್ಷವಾದರೂ ತನ್ನ ಮಾತನ್ನು ಆಡಿರಲಿಲ್ಲ.

ಪರದೆ ಸರಿಸಿ ಮುಚ್ಚಳ ತೆಗೆದರು. ಪ್ರತಿನಿಧಿಗಳು ಸಾಲಾಗಿ ಬಂದು ಟಾರ್ಚು ಬಿಟ್ಟು ಒಳಗೆ ಇಣುಕಿದರು. ಸುಬ್ಬಿ ಎಮ್ಮೆಯ ಜಾತಿಗೆ ತಕ್ಕ ಹಾಗೆ ನಿಂತೇ ಇದ್ದಳು. ಇಂಗ್ರಿಡ್ ಅವರಿಗೆ ಸಂಕಟವಾಗಿರಬೇಕು, ಇವಳಿಗೆ ಏನಾದರೂ ತಿನ್ನಿಸಬಹುದೇ ಎಂದು ಕೇಳಿದರು. ದ್ಯಾವಮ್ಮನ ಕೈಯಲ್ಲಿ ಬಾಳೆಹಣ್ಣಿನ ಬುಟ್ಟಿಯಿತ್ತು. ಅವರು ಒಂದು ತಿನ್ನಿಸಿದರು, ಫೋಟೋ ತೆಗೆದರು. ಅಷ್ಟೇ ನೋಡಿ, ತಿನ್ನಿಸದೆ ಹೋದರೆ ಪ್ರಾಣಿದ್ವೇಷಿ ಎಂದಾರು ಎಂಬಂತೆ ಒಬ್ಬೊಬ್ಬರೂ ಬುಟ್ಟಿಗೆ ಕೈಹಾಕಿದರು. ಒಂದು ಕಡೆಯಿಂದ ಹಣ್ಣು, ಇನ್ನೊಂದು ಕಡೆಯಿಂದ ಟಾರ್ಚು. ಹಣ್ಣು ಒಳಗೆ ಬಂದು ಬೀಳುವುದನ್ನು ಕಿಟಕಿಯ ಕಡೆ ನಿಂತವರು ಕೂಗಿ ಹೇಳುತ್ತಿದ್ದರು. ಎಲ್ಲರಿಗೂ ಖುಷಿಯೋ ಖುಷಿ.

ಆಗ ಸುಬ್ಬಿ ಮುಖವನ್ನು ದ್ಯಾವಮ್ಮನ ಕಡೆ ತಿರುಗಿಸಿ, ಸ್ವಲ್ಪ ಗೊಗ್ಗರಾದರೂ ಸ್ಪಷ್ಟವಾದ ದನಿಯಲ್ಲಿ ಹೇಳಿದಳು.

"ಸಾಕು."

"ಕೇಳಿಸ್ತು ಕಣವ್ವಾ," ಎಂದಳು ದ್ಯಾವಮ್ಮ. ನಾನೂ ಹೇಳಿದೆ. ಹಿಂದಿನ ಸಾಲಿನಿಂದ ನಂಜುಂಡನೂ ಹೇಳಿದ. ನಮ್ಮ ಪಾಲಿಗೆ ಅದು ಅಲ್ಲಿಗೆ ಮುಗಿಯಿತು. ಆದರೆ ಇಂಗ್ರಿಡ್ ನನ್ನ ತೋಳು ಹಿಡಿದು, "ಏನಂದಳು? ಏನು ಹೇಳಿದಳು?" ಎಂದು ಕೇಳಿದರು. ನಮ್ಮೂರಿನಲ್ಲಿ ಪ್ರಾಣಿ ಆಡಿದ ಮಾತಿನ ಅರ್ಥವನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ನನ್ನ ಕೈಯಲ್ಲಿ ಮೈಕು ಬೇರೆ. "ಎನಫ್," ಎಂದೆ. ಬಾಯಿಗೆ ಬಂದದ್ದು ಅದು.

ಇಂಗ್ರಿಡ್ ಅಲ್ಲೇ ವೇದಿಕೆಯ ಮೆಟ್ಟಿಲ ಮೇಲೆ ಕುಸಿದು ಅಳತೊಡಗಿದರು. ಮುಚ್ಚಳ ಹಿಡಿದಿದ್ದವನು ಗಾಬರಿಯಿಂದ ಕಿಟಕಿ ಮುಚ್ಚಿದ. ಎಲ್ಲರ ಬಾಯಲ್ಲೂ ಒಂದೇ ಮಾತು: ಈ ಮೂಕಪ್ರಾಣಿ ಬದುಕು ಸಾಕು ಎನ್ನುತ್ತಿದೆ, ನಾವು ಇಷ್ಟು ವರ್ಷ ಅಳೆದು ಸುರಿದು ಊಹಿಸುತ್ತಿದ್ದದ್ದನ್ನು ತಾನೇ ಹೇಳಿಬಿಟ್ಟಿತು. ನಾನು ಅವರವರ ಮಾತನ್ನು ಕನ್ನಡಕ್ಕೆ ದಾಟಿಸುತ್ತಿದ್ದಾಗ ದ್ಯಾವಮ್ಮ ಬುಟ್ಟಿ ಕೆಳಗಿಟ್ಟು ಮುಂದೆ ಬಂದಳು.

"ಅಲ್ಲ ಮೇಷ್ಟ್ರೇ, ತಪ್ಪಾಗ್ ಹೇಳ್ಬ್ಯಾಡಿ. ನನ್ನ ಮಕ ನೋಡ್ಕೊಂಡು ಅಂದ್ಲು ಅವ್ಳು. ಸಾಕು ಅಂದ್ರೆ, ನನ್ನ ಸಾಕು ಅಂತ. ಸಾಕಿದೋಳು ನಾನಲ್ವಾ? ಇನ್ನೂ ಸಾಕವ್ವಾ ಅಂತವ್ಳೆ."

ಮೂವತ್ತು ವರ್ಷ ಭಾಷೆ ಕಲಿಸಿದ ನನಗೆ ಅದು ಹೊಳೆಯಲೇ ಇಲ್ಲವಲ್ಲ! ಎರಡೂ ಒಂದೇ ಅಕ್ಷರ, ಒಂದೇ ಉಚ್ಚಾರ. ಮೈಕಿನಲ್ಲಿ ಅದನ್ನೂ ಹೇಳಿದೆ: ಈ ಶಬ್ದಕ್ಕೆ ಮತ್ತೊಂದು ಅರ್ಥವಿದೆ, ನನ್ನನ್ನು ಪೋಷಿಸು, ಇಟ್ಟುಕೋ ಎಂದೂ ಆಗುತ್ತದೆ. ಅಲ್ಲಿಗೆ ಸಮ್ಮೇಳನ ಎರಡು ಹೋಳಾಯಿತು. ಮಧ್ಯಾಹ್ನದ ಪ್ರಬಂಧಗಳನ್ನೆಲ್ಲ ಬದಿಗಿಟ್ಟು ಅದೊಂದೇ ಚರ್ಚೆ. ಎಮ್ಮೆ ‘ಸಾಕು’ ಎಂದರೆ ಕೊಲ್ಲಬೇಕೋ ಕಾಯಬೇಕೋ?

ದ್ಯಾವಮ್ಮನ ಹಣೆಬರಹ ನೋಡಿ, ಅವಳ ಪರವಾಗಿ ಎದ್ದು ನಿಂತವರು ಫಣಿರಾಜರು. "ಸಾಕುಪ್ರಾಣಿ, ಸಾಕುತಾಯಿ, ಸಾಕುಮಗ, ಇಲ್ಲೆಲ್ಲ ಇರೋ ಸಾಕು ಯಾವುದು ಹೇಳಿ ವಾಮನಯ್ಯನವರೇ. ಸುಬ್ಬಿ ನಮ್ಮ ಕೇಂದ್ರದಲ್ಲೇ ಇರ್ತೀನಿ ಅಂತಿದಾಳೆ. ನಮ್ಮ ಕೆಲಸಕ್ಕೆ ಇದಕ್ಕಿಂತ ದೊಡ್ಡ ಒಪ್ಪಿಗೆ ಬೇಕಾ?" ಎಂದರು. ಅವರ ದನಿಯಲ್ಲಿ ಆಸೆ ಎಷ್ಟು ಎದ್ದು ಕಾಣುತ್ತಿತ್ತೆಂದರೆ, ಆ ಅರ್ಥದ ಮೇಲೇ ಜನಕ್ಕೆ ಹೇಸಿಗೆ ಹುಟ್ಟಿತು. ಕಿಟಕಿ ಕೊರೆದವನೇ ಅರ್ಥವನ್ನೂ ಹೇಳುತ್ತಿದ್ದಾನೆ ಎಂದು ಒಬ್ಬರು ಎದ್ದು ಕೂಗಿದರು.

ದ್ಯಾವಮ್ಮ ಬೇಡಿದ್ದು ಅದಲ್ಲವೇ ಅಲ್ಲ. ಸಂಜೆ ಮಂಟಪದ ಹಿಂದಿನ ನಲ್ಲಿಯ ಹತ್ತಿರ ಅವಳು ನನಗಾಗಿ ಕಾದಿದ್ದಳು. "ಮೇಷ್ಟ್ರೇ, ಅವ್ಳನ್ನ ಮನೇಗೆ ಕೊಡ್ಸಿ. ಕಿಟಕಿ ಇದ್ರೆ ಇರ್ಲಿ, ನಾನು ಒರೆಸ್ಕೊಂಡು ತೊಳ್ಕೊಂಡು ನೋಡ್ಕಂತೀನಿ." ನಾನು ಅಲ್ಲಿಂದಲೇ ಫಣಿರಾಜರ ಹತ್ತಿರ ಹೋಗಿ ಕೇಳಿದೆ. ಕಿಟಕಿ ಇರುವ ಪ್ರಾಣಿಯನ್ನು ಯಾರ ಮನೆಗೂ ಕೊಡುವ ಹಾಗಿಲ್ಲ, ಇದ್ದರೆ ಕೇಂದ್ರದಲ್ಲೇ, ಕೆಲಸ ಮಾಡಿಕೊಂಡೇ ಇರಬೇಕು ಎಂದರು. ವಾಪಸು ಬಂದು ಹೇಳಿದಾಗ ದ್ಯಾವಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ಅಲ್ಲೇ ಇರ್ಲಿ ಬಿಡಿ. ದಿನಾ ನೋಡ್ತೀನಲ್ಲ. ಆ ನೆರೆಗೂದ್ಲ ಯಮ್ಮ ನಿಮ್ಮನ್ನೇ ಕೇಳ್ತದೆ, ನೀವೊಂದು ಮಾತು ಹೇಳಿದ್ರೆ ಉಳೀತಾಳೆ. ನಿಮ್ಗೆ ಕೈ ಮುಗೀತೀನಿ."

ಅವಳು ಹೇಳಿದ್ದು ಸರಿಯಾಗಿತ್ತು. ಮರುದಿನ ಬೆಳಿಗ್ಗೆ, ಕೊನೆಯ ಅಧಿವೇಶನಕ್ಕೆ ಮುಂಚೆ, ಇಂಗ್ರಿಡ್ ನನ್ನನ್ನು ಪಕ್ಕಕ್ಕೆ ಕರೆದರು. ನಿದ್ದೆಯಿಲ್ಲದೆ ಅವರ ಮುಖ ಬಾಡಿತ್ತು. "ನೀವು ಈ ಭಾಷೆಯಲ್ಲಿ ಹುಟ್ಟಿದವರು. ನಿಘಂಟು ಬೇಡ. ನಿಮ್ಮ ಕಿವಿಗೆ ಕೇಳಿಸಿದ್ದೇನು, ಅಷ್ಟು ಹೇಳಿ," ಎಂದರು.

ನನ್ನ ಕಿವಿಗೆ ಕೇಳಿಸಿದ್ದು ಒಂದು ಶಬ್ದ, ಅಷ್ಟೇ. ಆದರೆ ಕಣ್ಣಿಗೆ ಬೇರೆಯದು ಕಂಡಿತ್ತು. ಶಾಲೆಗೆ ಹೋಗುವ ದಾರಿ ಆ ಕೇಂದ್ರದ ಬೇಲಿ ಪಕ್ಕದಲ್ಲೇ. ಸುಬ್ಬಿ ಯಾವಾಗಲೂ ಕಿಟಕಿಯಿರುವ ಮಗ್ಗುಲನ್ನು ಗೋಡೆಗೆ ಒತ್ತಿಕೊಂಡೇ ನಿಲ್ಲುತ್ತಿದ್ದಳು, ಯಾರೂ ನೋಡಬಾರದು ಎನ್ನುವವಳ ಹಾಗೆ. ಬಿಳಿಯಂಗಿಯವರು ಬಂದರೆ ಗೋಡೆಗೆ ಇನ್ನಷ್ಟು ಅಂಟಿಕೊಳ್ಳುತ್ತಿದ್ದಳು, ಅವರು ಹಗ್ಗ ಹಿಡಿದು ಈಚೆಗೆ ಎಳೆಯಬೇಕಾಗುತ್ತಿತ್ತು. ಎಮ್ಮೆ ಚರ್ಮ ಎಂದು ಬೈಯುತ್ತೇವಲ್ಲ ನಾವು, ಆ ಚರ್ಮದೊಳಗಿನ ನಾಚಿಕೆಯನ್ನು ನಾನು ಎಷ್ಟು ಮುಂಜಾನೆ ನೋಡಿದ್ದೆನೋ. ಅವಳು ಉಳಿದರೆ ಮತ್ತೆ ಅದೇ ಗೋಡೆ, ಅದೇ ಹಗ್ಗ. ದ್ಯಾವಮ್ಮ ಮುಗಿದ ಕೈಗಳೂ ಕಣ್ಣ ಮುಂದೆ ಬಂದವು. "ಎನಫ್," ಎಂದೆ. ದೇವರಾಣೆಗೂ ಸುಬ್ಬಿಗೆ ಒಳ್ಳೆಯದಾಗಲೆಂದೇ ಹೇಳಿದೆ.

ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಪ್ರಾಣಿಯ ಇಚ್ಛೆಯನ್ನು ಅದರ ಮಾತಿನಲ್ಲೇ ಕೇಳಿ ನಡೆಸಿಕೊಟ್ಟ ಮೊದಲ ಸಮ್ಮೇಳನ ಇದಾಗಲಿ ಎಂದು ಠರಾವು ಬಂತು. ಕೈಗಳು ಎದ್ದವು. ಫಣಿರಾಜರೂ ಕೊನೆಗೆ, ನಾಲ್ಕು ಜನರ ಮುಂದೆ ಕಟುಕನೆನ್ನಿಸಿಕೊಳ್ಳುವುದು ಬೇಡವೆಂದು ಕೈ ಎತ್ತಿದರು. ದಯಾಮರಣ ಎಂಬ ಶಬ್ದವನ್ನು ಊರವರಿಗೆ ನಾನೇ ಮೈಕಿನಲ್ಲಿ ಬಿಡಿಸಿ ಹೇಳಿದೆ. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು," ಎಂದು ಹಿಂದಿನ ಸಾಲಿನಲ್ಲಿ ನಂಜುಂಡ ಗೊಣಗಿದ್ದು ಕೇಳಿಸಿತು. ಅದನ್ನು ನಾನು ಇಂಗ್ಲಿಷಿಗೆ ದಾಟಿಸಲಿಲ್ಲ.

ಕೇಂದ್ರದ ಬೇವಿನ ಮರದ ಕೆಳಗೆ ಸೂಜಿ ಕೊಟ್ಟರು. ನೋವಾಗದ ಹಾಗೆ ಮಾಡುವ ವಿಷಯದಲ್ಲಿ ಪ್ರಪಂಚಕ್ಕೇ ಪಂಡಿತರಾದವರು ಅಲ್ಲಿದ್ದರು, ಆದ್ದರಿಂದ ನಿಜವಾಗಿಯೂ ನೋವಾಗಿರಲಾರದು. ದ್ಯಾವಮ್ಮ ಕೂಗಾಡುತ್ತಾಳೆ, ನನ್ನ ಮುಖಕ್ಕೆ ಉಗಿಯುತ್ತಾಳೆ ಎಂದು ನಾನು ಕಾದಿದ್ದೆ. ಅವಳು ಸುಬ್ಬಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿಯ ಹಿಂದಿನ ಉಣ್ಣೆಹುಳುಗಳನ್ನು ಒಂದೊಂದಾಗಿ ಕಿತ್ತು ಎಸೆಯುತ್ತ ಕೂತಿದ್ದಳು. ಉಸಿರು ನಿಂತ ಮೇಲೂ ಕೀಳುತ್ತಲೇ ಇದ್ದಳು. ಎಲ್ಲರೂ ತಲೆಬಾಗಿಸಿ ನಿಂತರು. ವಿದೇಶದವರೊಬ್ಬರು ದ್ಯಾವಮ್ಮನ ಭುಜ ತಟ್ಟಿ ಏನೋ ಹೇಳಿದರು. "ಏನಂತಾರೆ ಮೇಷ್ಟ್ರೇ?" ಎಂದು ಅವಳು ಕೇಳಿದಳು. ಸುಬ್ಬಿ ಈಗ ಸುಖವಾಗಿದ್ದಾಳಂತೆ ಎಂದೆ. "ಹೌದಾ," ಎಂದಳು.

ರೈಲಿಗೆ ಇನ್ನೂ ಹೊತ್ತಿತ್ತು. ಬೀಳ್ಕೊಡುಗೆಯ ಊಟ ಮೊದಲೇ ಗೊತ್ತಾಗಿತ್ತು, ಅಡುಗೆಯೂ ಆಗಿಹೋಗಿತ್ತು. ಸತ್ತ ಮನೆಯಿಂದ ಬಂದವರಂತೆ ಎಲ್ಲರೂ ಕೈಕಾಲು ತೊಳೆದು ಎಲೆಯ ಮುಂದೆ ಕೂತರು. ಹಸಿವಿಗೆ ಮರ್ಯಾದೆ ಎಲ್ಲಿಯದು? ಅನ್ನ ಸಾರು ಬಿದ್ದ ಮೇಲೆ ನಿಧಾನವಾಗಿ ಮಾತು ಎದ್ದಿತು, ಒಂದೆರಡು ಕಡೆ ನಗುವೂ ಎದ್ದಿತು. ಅಡುಗೆಯ ಸೀತಾರಾಮ ಭಟ್ಟರಿಗೆ ವಿದೇಶದ ಅತಿಥಿಗಳೆಂದರೆ ಎಲ್ಲಿಲ್ಲದ ಹುರುಪು. ಇಂಗ್ರಿಡ್ ಅವರ ಎಲೆಗೆ ಹೋಳಿಗೆಯ ಮೇಲೆ ಹೋಳಿಗೆ ಹಾಕುತ್ತಲೇ ಇದ್ದರು. ಆಕೆ ತಲೆಯಾಡಿಸಿದರು, ಇಂಗ್ಲಿಷಿನಲ್ಲಿ ಬೇಡಿಕೊಂಡರು. ಭಟ್ಟರು ಅದನ್ನು ಹೊಗಳಿಕೆ ಎಂದುಕೊಂಡು ಇನ್ನೊಂದು ಹಾಕಿದರು. ಆಗ ಪಕ್ಕದಲ್ಲಿ ಕೂತಿದ್ದ ನಂಜುಂಡ ನಗುತ್ತ, ಎರಡೂ ಕೈಯನ್ನು ಎಲೆಯ ಮೇಲೆ ಅಡ್ಡ ಹಿಡಿದು ತೋರಿಸಿದ. "ಹಿಂಗನ್ಬೇಕು ಅಮ್ಮಾ. ಸಾಕು. ಸಾಕೂ..."

"ಸಾಕು!" ಎಂದರು ಇಂಗ್ರಿಡ್, ಕೈ ಅಡ್ಡ ಹಿಡಿದು. ಭಟ್ಟರು ತಟ್ಟನೆ ಸರಿದು ಮುಂದಿನ ಎಲೆಗೆ ಹೋದರು. ಮಂತ್ರ ಸಿಕ್ಕಿದ ಹಾಗಾಯಿತು ಆಕೆಗೆ. ಸುತ್ತಲಿನವರಿಗೂ ಹೇಳಿಕೊಟ್ಟರು. ಪಂಕ್ತಿಯ ಉದ್ದಕ್ಕೂ ಬೇರೆ ಬೇರೆ ನಾಲಿಗೆಯಲ್ಲಿ ಸೊಟ್ಟಪಟ್ಟ ಸಾಕು, ಸಾಕು, ಸಾಕು. ಇದ್ದಕ್ಕಿದ್ದಂತೆ ಇಂಗ್ರಿಡ್ ಅವರ ಕೈ ಎಲೆಯ ಮೇಲೇ ನಿಂತುಬಿಟ್ಟಿತು. ಆಕೆ ನಿಧಾನವಾಗಿ ತಲೆಯೆತ್ತಿ, ಎದುರು ಸಾಲಿನಲ್ಲಿ ಕೂತಿದ್ದ ನನ್ನನ್ನು ನೋಡಿದರು. ಮುಖದಲ್ಲಿ ರಕ್ತವೇ ಇರಲಿಲ್ಲ.

ಒಂದು ಬುಟ್ಟಿ ಬಾಳೆಹಣ್ಣು. ಬಾಯಿಗೆ ತುರುಕಿದವರೂ ನಾವೇ, ಹೊಟ್ಟೆಯೊಳಗೆ ಟಾರ್ಚು ಬಿಟ್ಟು ನೋಡಿದವರೂ ನಾವೇ. ಹೊಟ್ಟೆ ತುಂಬಿದ್ದು ಅಷ್ಟು ಜನಕ್ಕೂ ಕಣ್ಣಾರೆ ಕಾಣುತ್ತಿತ್ತು. ಹೊಟ್ಟೆ ತುಂಬಿದವರು ಬಡಿಸುವವರ ಮುಖ ನೋಡಿ ಹೇಳುವ ಮಾತು ಅದು. ಹುಟ್ಟಿದಾಗಿನಿಂದ ಪ್ರತಿ ಊಟದಲ್ಲೂ ನಾನು ಆಡಿದ ಮಾತು. ಬುಟ್ಟಿ ಹಿಡಿದಿದ್ದವಳು ದ್ಯಾವಮ್ಮ, ಅದಕ್ಕೇ ಅವಳ ಕಡೆ ತಿರುಗಿದ್ದು. ಇದೂ ಸುಳ್ಳಿರಬಹುದು, ದ್ಯಾವಮ್ಮ ಹೇಳಿದ್ದೇ ನಿಜವಿರಬಹುದು, ನಾನು ಹೇಳಿದ್ದೂ ನಿಜವಿರಬಹುದು. ಇನ್ನು ಯಾರನ್ನು ಕೇಳುವುದು?

ಪಾಯಸದ ಪಾತ್ರೆ ಹಿಡಿದು ಭಟ್ಟರು ನನ್ನ ಮುಂದೆ ಬಂದರು. ಎಂಜಲೆಲೆ ಒಯ್ಯಲು ದ್ಯಾವಮ್ಮ ಖಾಲಿ ಬುಟ್ಟಿ ತಂದು ಬಾಗಿಲಲ್ಲಿ ನಿಂತಿದ್ದಳು, ಉಳಿದ ದನಗಳಿಗೆ ಹಾಕಬೇಕಲ್ಲ. ಭಟ್ಟರು ಒಂದು ಸೌಟು ಹಾಕಿದರು, ನನ್ನ ಮುಖ ನೋಡಿದರು, ಇನ್ನೊಂದು ಹಾಕಿದರು. ಪಾಯಸ ಅನ್ನದ ಗುಡ್ಡೆಯನ್ನು ಬಳಸಿ ಎಲೆಯ ಅಂಚಿಗೆ ಬಂತು. "ಏನ್ ಮೇಷ್ಟ್ರೇ, ಸುಮ್ನೆ ಕೂತ್ರಿ? ಸಾಕಾದ್ರೆ ಸಾಕು ಅನ್ನಿ," ಎಂದರು ಭಟ್ಟರು, ಸೌಟು ಎತ್ತಿ ಹಿಡಿದು. ನಾನು ಬಾಯಿ ತೆರೆದೆ. ದ್ಯಾವಮ್ಮ ನನ್ನನ್ನೇ ನೋಡುತ್ತಿದ್ದಳು. ಪಾಯಸ ಎಲೆ ದಾಟಿ, ನೆಲಕ್ಕಿಳಿದು, ನನ್ನ ಪಂಚೆಯ ತುದಿಯನ್ನು ಬಿಸಿಯಾಗಿ ಮುಟ್ಟಿತು. ಆ ಮಾತು ಬರಲಿಲ್ಲ.